ಸೊಂಡೆಕೊಪ್ಪದ ಗೇಟು, ಮಂಗಳವಾರದ ಚೀಟಿ

ನೆಲಮಂಗಲ ತಾಲೂಕಿನಲ್ಲಿ ಶಿವಗಂಗೆಯನ್ನು ತೋರಿಸಿ ಎಂದರೆ ಮಕ್ಕಳೂ ಬೆರಳು ಮಾಡುತ್ತಾರೆ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಸಾಕು, ಬೆಟ್ಟ ಕಣ್ಣಿಗೆ ಬೀಳುತ್ತದೆ. ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥ ಎಂದು ವರ್ಷವಿಡೀ ಜನ. ಅದೇ ತಾಲೂಕಿನಲ್ಲಿ, ಬೆಂಗಳೂರಿನ ಕಡೆಗೆ, ಸೊಂಡೆಕೊಪ್ಪ ಎಂಬ ಊರಿದೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿನಿಲಯವೊಂದಕ್ಕೆ ಎತ್ತರದ ಕಾಂಪೌಂಡು ಕಟ್ಟಿ, ಮೇಲೆ ಮುಳ್ಳುತಂತಿ ಎಳೆದು, 2019ರ ಕೊನೆಗೆ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರವನ್ನು ಸಜ್ಜು ಮಾಡಲಾಯಿತು. ವೀಸಾ ಅವಧಿ ಮುಗಿದರೂ ಉಳಿದುಕೊಂಡವರು, ದಾಖಲೆಯಿಲ್ಲದೆ ಸಿಕ್ಕಿಬಿದ್ದವರು, ಜೈಲಿನಿಂದ ಬಿಡುಗಡೆಯಾದರೂ ದೇಶಕ್ಕೆ ಮರಳಲು ಕಾಗದಪತ್ರ ಇಲ್ಲದವರು, ಇಂಥವರನ್ನು ವಾಪಸು ಕಳಿಸುವವರೆಗೆ ಇರಿಸಿಕೊಳ್ಳುವ ಜಾಗ ಅದು.

ಈ ಲೇಖನದ ಪ್ರಶ್ನೆ ಆ ಗೇಟಿನ ಒಳಗಿರುವ, ಅಥವಾ ಒಳಗೆ ಹೋಗಬಹುದಾದ, ಮನಸ್ಸಿನ ಕಾಯಿಲೆಯ ಮನುಷ್ಯನದು. ಅವನಿಗೆ ಸರ್ಕಾರದ ಕನಿಷ್ಠ ನಾಲ್ಕು ಬಾಗಿಲಲ್ಲಿ ಕೆಲಸವಿರುತ್ತದೆ: ಕೋರ್ಟು, ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅವನ ದೇಶದ ರಾಯಭಾರ ಕಚೇರಿ, ಆಸ್ಪತ್ರೆ. ಒಂದೊಂದು ಬಾಗಿಲೂ ತನ್ನದೇ ದಿನಾಂಕ ಕೊಡುತ್ತದೆ. ಈ ದಿನಾಂಕಗಳನ್ನು ಒಂದೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳುವ ಹೊಣೆ ಯಾರದು? ಕಾಯ್ದೆಗಳನ್ನು ಓದುತ್ತ ಹೋದರೆ ಉತ್ತರ ಅರ್ಧ ಸಿಗುತ್ತದೆ. ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳಬೇಕು.

ಮೊದಲು ಮಾನಸಿಕ ಆರೋಗ್ಯದ ಕಡೆ ನೋಡೋಣ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಪಾಠ ಹೇಳಿದ ರಾಜ್ಯ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷದ ಹೊತ್ತಿಗೇ ಅಲ್ಲಿನ ವೈದ್ಯರು ಆನೇಕಲ್ ತಾಲೂಕಿನ ಸಕಲವಾರದಲ್ಲಿ ಹಳ್ಳಿಯ ಮಧ್ಯೆ ಕೂತು ಕೆಲಸ ಶುರುಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಸಹಾಯಕರಿಗೆ ಕೆಲವೇ ವಾರ ತರಬೇತಿ ಕೊಟ್ಟರೆ ಮನೋರೋಗವನ್ನು ಗುರುತಿಸಿ ಔಷಧಿ ಕೊಡಬಲ್ಲರೇ ಎಂಬುದು ಅವರ ಪ್ರಶ್ನೆಯಾಗಿತ್ತು. ಕೊಡಬಲ್ಲರು ಎಂದು ತಿಳಿಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಐದು ವರ್ಷ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಬಳ್ಳಾರಿ ಜಿಲ್ಲೆಯಿಡೀ ಅದನ್ನು ನಡೆಸಿ ತೋರಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಯಿತು, ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದೆ.

ಅದರ ಮೇಲೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ಸೇರಿಸಿತು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಅಂದು ನೋಡಿಸಿಕೊಳ್ಳಿ ಎಂಬುದು ಯೋಜನೆ. ಸರ್ಕಾರಿ ಕಡತದಲ್ಲಿ ಅದಕ್ಕೆ ಸೂಪರ್ ಟ್ಯೂಸ್‌ಡೇ ಎಂದು ಹೆಸರು, ಊರಿನ ಬಾಯಲ್ಲಿ ಮಂಗಳವಾರದ ಡಾಕ್ಟರು. ಚೇತರಿಸಿಕೊಂಡವರು ಹಗಲು ಹೊತ್ತು ಬಂದು ಕೆಲಸ ಕಲಿಯಲಿ ಎಂದು ಮಾನಸಧಾರಾ ಕೇಂದ್ರಗಳು ಬಂದವು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಆರಂಭಿಸಿತು. 14416ಕ್ಕೆ ಕರೆ ಮಾಡಿದರೆ ಹಗಲಿರುಳೆನ್ನದೆ ಆಪ್ತಸಮಾಲೋಚಕರು ಸಿಗುತ್ತಾರೆ. ದೇಶಕ್ಕೆಲ್ಲ ಅದರ ಮೇಲ್ವಿಚಾರಣೆ ನಿಮ್ಹಾನ್ಸ್‌ದು, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 2024ರ ನಡುವಿನ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕರೆಗಳನ್ನು ಅದು ತೆಗೆದುಕೊಂಡಿತ್ತು.

ಇಷ್ಟಿದ್ದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡ ಚಿತ್ರ ಬೇರೆ. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಅವರಲ್ಲಿ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೆರಡು. ಡಾಕ್ಟರ ಕೊರತೆ ಒಂದು ಕಾರಣ, ನಾಚಿಕೆ ಇನ್ನೊಂದು. ಮೂರನೆಯದು ಮರುಭೇಟಿ ತಪ್ಪುವುದು, ಈ ಲೇಖನಕ್ಕೆ ಮುಖ್ಯವಾದದ್ದು ಅದೇ. ಮನೋರೋಗದ ಚಿಕಿತ್ಸೆ ನಿಂತಿರುವುದು ದಿನಾಂಕದ ಮೇಲೆ. ಮಾತ್ರೆ ನುಂಗಲು ಒಪ್ಪದವರಿಗೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ. ದಿನ ತಪ್ಪಿದರೆ ಕಾಯಿಲೆ ಮರುಕಳಿಸುವ ಅಪಾಯ ಏರುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿದೆ ಎಂದು ಆಗಾಗ ನೋಡಲೇಬೇಕು, ಹೆಚ್ಚಾದರೆ ಅದು ವಿಷ. ಕ್ಲೋಜಪಿನ್ ಶುರುಮಾಡಿದವರಿಗೆ ಮೊದಲ ಹದಿನೆಂಟು ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ಮಗನನ್ನು ಬಸ್ಸು ಹತ್ತಿಸಿ ಮಂಗಳವಾರದ ಚೀಟಿ ಮಾಡಿಸಲು ಒಬ್ಬ ತಾಯಿ ಒಂದು ದಿನದ ಕೂಲಿ ಬಿಡುತ್ತಾಳೆ. ಗೇಟಿನೊಳಗಿರುವವನಿಗೆ ಆ ತಾಯಿಯೂ ಇಲ್ಲ. ಅವನು ಹೊರಗೆ ಬರಬೇಕಾದರೆ ಬೆಂಗಾವಲು ಪೊಲೀಸರು ಬೇಕು, ವಾಹನ ಬೇಕು, ಮೇಲಿನವರ ಅನುಮತಿ ಬೇಕು.

ಇನ್ನು ವಲಸೆಯ ಕಡೆ. ದಿನಾಂಕ ಕೊಡುವ ವಿಷಯದಲ್ಲಿ ಈ ದೇಶದ ಸರ್ಕಾರ ಹದಿನೈದು ವರ್ಷಗಳಲ್ಲಿ ಬಹಳ ಕಲಿತಿದೆ ಎಂಬುದನ್ನು ಒಪ್ಪಲೇಬೇಕು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ನಡೆದದ್ದು ಮೊದಲು ಕರ್ನಾಟಕದಲ್ಲೇ. ಇಂದು ಅರ್ಜಿದಾರ ಮೊಬೈಲಿನಲ್ಲಿ ದಿನ ಮತ್ತು ಗಳಿಗೆ ಎರಡನ್ನೂ ಗೊತ್ತುಮಾಡಿಕೊಂಡು ಹೋಗುತ್ತಾನೆ. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು. ಬಿ ಯಲ್ಲಿ ದಾಖಲೆ ಪರಿಶೀಲನೆ. ಸಿ ಯಲ್ಲಿ ಮಂಜೂರಾತಿ. ವಿದೇಶಿಯರ ನೋಂದಣಿ ಕಚೇರಿಯೂ ಹಾಗೆಯೇ ಬದಲಾಯಿತು. ಬೆಂಗಳೂರಿನ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದ ಮೇಲಿನ ಮಹಡಿಯಲ್ಲಿರುವ ಆ ಕಚೇರಿಗೆ ಒಂದು ಕಾಲದಲ್ಲಿ ಪ್ರತಿಯೊಂದಕ್ಕೂ ದಿನಾಂಕ ಹಿಡಿದು ಖುದ್ದಾಗಿ ಬರಬೇಕಿತ್ತು. 2018ರ ಏಪ್ರಿಲ್‌ನಲ್ಲಿ ಇ-ಎಫ್‌ಆರ್‌ಆರ್‌ಓ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ವೀಸಾ ವಿಸ್ತರಣೆ, ನೋಂದಣಿ, ನಿರ್ಗಮನ ಪರವಾನಗಿ ಸೇರಿ 27 ಸೇವೆಗಳಿಗೆ ಕೂತಲ್ಲಿಂದಲೇ ಅರ್ಜಿ ಹಾಕಬಹುದು. ಅಧಿಕಾರಿ ಕರೆದರೆ ಮಾತ್ರ ಹೋಗಬೇಕು. ನೆಲಮಂಗಲದ ಜಿಲ್ಲೆಯಲ್ಲೇ ಇರುವ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 2025ರ ಜನವರಿಯಿಂದ ತ್ವರಿತ ವಲಸೆ ತಪಾಸಣೆಯ ಇ-ಗೇಟುಗಳಿವೆ. ಮೊದಲೇ ನೋಂದಾಯಿಸಿಕೊಂಡು ಒಮ್ಮೆ ಬೆರಳಚ್ಚು ಕೊಟ್ಟವರು ಸಾಲಿನಲ್ಲಿ ನಿಲ್ಲದೆ ದಾಟಿಹೋಗುತ್ತಾರೆ.

ಆದರೆ ಈ ಅನುಕೂಲಗಳೆಲ್ಲ ಕೈಯಲ್ಲಿ ಫೋನು, ಜೇಬಿನಲ್ಲಿ ಪಾಸ್‌ಪೋರ್ಟು, ತಲೆಯಲ್ಲಿ ಸ್ಥಿಮಿತ ಇರುವವನಿಗೆ. ಓದಲು ಬಂದ ಆಫ್ರಿಕದ ಒಬ್ಬ ವಿದ್ಯಾರ್ಥಿಗೆ ತೀವ್ರ ಮನೋರೋಗ ಕಾಣಿಸಿಕೊಂಡಿತು ಎನ್ನಿ. ಕಾಲೇಜು ಬಿಟ್ಟ, ವೀಸಾ ಮುಗಿಯಿತು, ಪಾಸ್‌ಪೋರ್ಟು ಎಲ್ಲೋ ಕಳೆಯಿತು. ಅವನು ಮನೆಗೆ ಹೋಗಲು ಆಗಬೇಕಾದ್ದನ್ನು ನೋಡಿ. ಪಾಸ್‌ಪೋರ್ಟು ಕಳೆದ ಬಗ್ಗೆ ಠಾಣೆಯಲ್ಲಿ ದೂರು ಕೊಡಬೇಕು. ದೆಹಲಿಯಲ್ಲಿರುವ ರಾಯಭಾರ ಕಚೇರಿ ಅವನು ತನ್ನ ದೇಶದವನೇ ಎಂದು ಖಚಿತಪಡಿಸಿಕೊಂಡು ತುರ್ತು ಪ್ರಯಾಣಪತ್ರ ಕೊಡಬೇಕು. ಆ ಪತ್ರಕ್ಕೆ ಇರುವುದು ಅಲ್ಪ ಅವಧಿ. ಅದು ಮುಗಿಯುವುದರೊಳಗೆ ಶಾಂತಿನಗರದಿಂದ ನಿರ್ಗಮನ ಪರವಾನಗಿ ಬರಬೇಕು. ಅವನ ಮೇಲೆ ಒಂದು ಕೇಸು ಇದ್ದರೆ ಕೋರ್ಟಿನಲ್ಲಿ ಅದು ಇತ್ಯರ್ಥವಾಗಬೇಕು. ಟಿಕೆಟ್ಟಿಗೆ ಹಣ ಆಗಬೇಕು. ಇವೆಲ್ಲ ಕೂಡಿಬಂದ ವಾರವೇ ಅವನ ಕಾಯಿಲೆ ಉಲ್ಬಣಿಸಿದರೆ ವಿಮಾನ ಸಂಸ್ಥೆ ಹತ್ತಿಸಿಕೊಳ್ಳಲು ಹಿಂಜರಿಯುತ್ತದೆ, ಪ್ರಯಾಣಪತ್ರದ ಅವಧಿ ಮುಗಿಯುತ್ತದೆ, ಎಲ್ಲವೂ ಮೊದಲಿನಿಂದ ಶುರು. ಇಂಜೆಕ್ಷನ್ನಿನ ದಿನ ತಪ್ಪದಂತೆ ನೋಡಿಕೊಂಡಿದ್ದರೆ ಇಡೀ ಸರಪಳಿ ಉಳಿಯುತ್ತಿತ್ತು. ಆರೋಗ್ಯ ಇಲಾಖೆಯ ಒಂದು ದಿನಾಂಕ ಗೃಹ ಇಲಾಖೆಯ ತಿಂಗಳುಗಳನ್ನು ಉಳಿಸುತ್ತದೆ ಎನ್ನುವುದು ಇಲ್ಲಿನ ನೇರ ಲೆಕ್ಕ.

ಹಾಗಾದರೆ ಕಾನೂನು ಏನನ್ನುತ್ತದೆ? ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಆಗಿ 2018ರ ಮೇ 29ರಂದು ಜಾರಿಗೆ ಬಂತು. ಅದರ 18ನೇ ಸೆಕ್ಷನ್ ಸರ್ಕಾರಿ ಮಾನಸಿಕ ಚಿಕಿತ್ಸೆಯ ಹಕ್ಕನ್ನು ‘ಪ್ರತಿಯೊಬ್ಬ ವ್ಯಕ್ತಿ’ಗೂ ಕೊಡುತ್ತದೆ, ಪ್ರಜೆಗೆ ಮಾತ್ರ ಎನ್ನುವುದಿಲ್ಲ. ನಿರ್ಗತಿಕರಿಗೆ ಬಿಪಿಎಲ್ ಕಾರ್ಡು ಇರಲಿ ಬಿಡಲಿ ಉಚಿತ ಚಿಕಿತ್ಸೆ ಎನ್ನುತ್ತದೆ. 103ನೇ ಸೆಕ್ಷನ್ ಜೈಲುಗಳದ್ದು: ಜೈಲಿನಲ್ಲಿ ಮನೋರೋಗಿಗಳು ಯಾರೂ ಇಲ್ಲ ಎಂದು ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಬರೆದುಕೊಡಬೇಕು. ಸೊಂಡೆಕೊಪ್ಪದ ಕೇಂದ್ರ ಕಾನೂನಿನ ಪ್ರಕಾರ ಜೈಲಲ್ಲ. ಅಲ್ಲಿರುವವರು ಶಿಕ್ಷೆ ಅನುಭವಿಸುತ್ತಿಲ್ಲ, ಕಾಯುತ್ತಿದ್ದಾರೆ. ಆದ್ದರಿಂದ ಮೂರು ತಿಂಗಳ ಆ ವರದಿ ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಕೈದಿಗೆ ಇರುವ ರಕ್ಷಣೆ, ಕೈದಿಯಲ್ಲ ಎಂಬ ಕಾರಣಕ್ಕೇ ಕೈತಪ್ಪಿಹೋಗುವ ಸ್ಥಿತಿ ಇದು. ಇದನ್ನು ಸರಿಪಡಿಸಲು ಪಕ್ಕದ 104ನೇ ಸೆಕ್ಷನ್ ಸಾಕು. ಸರ್ಕಾರ ನಡೆಸುವ ಯಾವುದೇ ಅಭಿರಕ್ಷಣಾ ಸಂಸ್ಥೆಯಲ್ಲಿ ಇರುವವರಿಗೆ ಮನೋರೋಗವಿದೆ ಎಂದು ತೋರಿದರೆ, ಸಂಸ್ಥೆಯ ಮುಖ್ಯಸ್ಥರು ಹತ್ತಿರದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು ಎಂದು ಅದು ಹೇಳುತ್ತದೆ. ಭಿಕ್ಷುಕರ ಕಾಲೊನಿ, ಅನಾಥಾಲಯಗಳ ಹೆಸರು ಉದಾಹರಣೆಗೆ ಬಂದಿವೆ. ಬಂಧನ ಕೇಂದ್ರವನ್ನು ಆ ಸಾಲಿನಲ್ಲಿ ಓದಿಕೊಳ್ಳಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು 32ನೇ ಸೆಕ್ಷನ್. ಆರೋಗ್ಯ, ಕಾನೂನು, ಗೃಹ, ಸಾಮಾಜಿಕ ನ್ಯಾಯ, ಉದ್ಯೋಗ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಈ ಇಲಾಖೆಗಳ ಸೇವೆಗಳ ನಡುವೆ ಪರಿಣಾಮಕಾರಿ ಸಮನ್ವಯ ಇರುವಂತೆ ಸರ್ಕಾರ ಎಲ್ಲ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಆದೇಶ. ಗೃಹ ಇಲಾಖೆಯ ಹೆಸರನ್ನು ಸಂಸತ್ತೇ ಬರೆದಿಟ್ಟಿದೆ. ಈ ಕಾಯ್ದೆಯ ಮೇಲೆ ನಡೆಯುವ ಚರ್ಚೆಗಳಲ್ಲಿ ಮುಂಗಡ ನಿರ್ದೇಶನ, ವಿದ್ಯುತ್ ಚಿಕಿತ್ಸೆ, ಆತ್ಮಹತ್ಯಾ ಯತ್ನದ ವಿಷಯಗಳೇ ತುಂಬಿರುತ್ತವೆ. 32ನೆಯದನ್ನು ಕೈಗೆತ್ತಿಕೊಂಡವರು ಕಡಿಮೆ. ಅದನ್ನು ಮುರಿದರೆ ಪ್ರತ್ಯೇಕವಾಗಿ ಇಂಥ ಶಿಕ್ಷೆ ಎಂದು ಇಲ್ಲದಿರುವುದು ಅದಕ್ಕೊಂದು ಕಾರಣವಿರಬೇಕು.

ಇತ್ತ ಗೃಹ ಇಲಾಖೆಯ ಕಾನೂನು 2025ರಲ್ಲಿ ಹೊಸದಾಯಿತು. ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾಗಿ, 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದುಹಾಕಿತು. ಆಸ್ಪತ್ರೆಗಳು ತಮ್ಮಲ್ಲಿ ಒಳರೋಗಿಯಾಗಿ ಉಳಿಯುವ ವಿದೇಶಿಯರ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಕೊಡಬೇಕೆಂಬ ಹೊಣೆ ಅದರಲ್ಲಿದೆ. ಅಂದರೆ ಆಸ್ಪತ್ರೆಯಿಂದ ವಲಸೆ ಕಚೇರಿಗೆ ಹೋಗುವ ದಾರಿಯನ್ನು ಕಾನೂನು ಹಾಕಿಕೊಟ್ಟಿದೆ. ವಲಸೆ ಕಚೇರಿಯಿಂದ ಆಸ್ಪತ್ರೆಗೆ ಬರುವ ದಾರಿಯನ್ನೂ ಹಾಕಬೇಕು. ಇಂಥವನಿಗೆ ಇಂಥ ದಿನ ಪ್ರಯಾಣ, ಅಷ್ಟರೊಳಗೆ ನೋಡಿ, ಒಂದು ತಿಂಗಳ ಔಷಧಿ ಕೊಟ್ಟು ಇಂಗ್ಲಿಷಿನಲ್ಲಿ ಸಾರಾಂಶ ಬರೆದುಕೊಡಿ ಎಂಬ ಒಂದು ಪತ್ರ ಸಾಕು. ಮಾಹಿತಿ ಒಂದೇ ದಿಕ್ಕಿಗೆ ಹರಿದರೆ ಆಸ್ಪತ್ರೆಗೆ ಹೋಗಲು ವಿದೇಶಿಯರು ಹೆದರುತ್ತಾರೆ, ಕಾಯಿಲೆ ಬಲಿತ ಮೇಲೆ ಠಾಣೆಯ ಮೂಲಕವೇ ಬರುತ್ತಾರೆ.

ಶಿವಗಂಗೆಗೆ ಮರಳೋಣ, ಏಕೆಂದರೆ ಪ್ರಶ್ನೆಯ ಅತಿ ಕಠಿಣ ರೂಪ ಎದುರಾಗುವುದು ಇಂಥ ಕ್ಷೇತ್ರಗಳಲ್ಲೇ. ಮನೆಬಿಟ್ಟು ಅಲೆಯುವ ಮನೋರೋಗಿಗಳು ದೇವಸ್ಥಾನಗಳ ನೆರಳಿಗೆ ಬಂದು ಸೇರುತ್ತಾರೆ. ಒಂದಿಷ್ಟು ಪ್ರಸಾದ, ಮಲಗಲು ಮಂಟಪ ಸಿಗುತ್ತದೆ. ಬೆಟ್ಟದ ಬುಡದಿಂದ ಕೆಲವೇ ಮೈಲಿ ದೂರದಲ್ಲಿ ದಾಬಸ್‌ಪೇಟೆ, ಸೋಂಪುರದ ಕೈಗಾರಿಕಾ ಪ್ರದೇಶ. ಅಲ್ಲಿ ಒಡಿಶಾ, ಬಿಹಾರ, ಅಸ್ಸಾಂ, ಪಶ್ಚಿಮ ಬಂಗಾಳದ ಕಾರ್ಮಿಕರು ಶೆಡ್ಡುಗಳಲ್ಲಿ ಇರುತ್ತಾರೆ. ಒಂದು ರಾತ್ರಿ ಬೆಟ್ಟದ ಮೆಟ್ಟಿಲ ಬಳಿ ಒಬ್ಬ ಸಿಕ್ಕ ಎನ್ನಿ. ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ, ಬಂಗಾಳಿ ಬಿಟ್ಟು ಬೇರೆ ಬರದು, ಜೇಬಿನಲ್ಲಿ ಒಂದು ಚೂರು ಕಾಗದವಿಲ್ಲ. ಠಾಣೆಯ ಮುಂದೆ ಎರಡು ಕಾಯ್ದೆಗಳಿವೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅವನನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಕೂಡಿಹಾಕುವಂತಿಲ್ಲ, ಕಾಣೆಯಾದವನೆಂದು ದಾಖಲಿಸಿ ಮನೆಯವರನ್ನು ಹುಡುಕಬೇಕು. ವಿದೇಶಿಯರ ಕಾನೂನಿನ ಪ್ರಕಾರ ತಾನು ವಿದೇಶಿಯಲ್ಲ ಎಂದು ಸಾಬೀತುಮಾಡುವ ಹೊರೆ ಅವನ ಮೇಲೆಯೇ ಇದೆ. ಹೆಸರೇ ನೆಟ್ಟಗೆ ಹೇಳಲಾಗದವನು ಪೌರತ್ವವನ್ನು ಹೇಗೆ ಸಾಬೀತುಮಾಡಿಯಾನು?

ನಮ್ಮವನನ್ನೇ ವಿದೇಶಿ ಎಂದು ಹಿಡಿದಿಡಬಹುದೆಂಬ ಭಯಕ್ಕೆ ಆಧಾರವಿದೆ. 2022ರಲ್ಲಿ ಬೆಂಗಳೂರಿನಲ್ಲಿ ಪಶ್ಚಿಮ ಬಂಗಾಳದ ಪೂರ್ವ ಬರ್ಧಮಾನ್ ಜಿಲ್ಲೆಯ ದಂಪತಿಯನ್ನು ಬಾಂಗ್ಲಾದೇಶದವರೆಂದು ಶಂಕಿಸಿ ಬಂಧಿಸಲಾಯಿತು. ಪುಟ್ಟ ಮಗುವಿನೊಂದಿಗೆ 301 ದಿನ ಜೈಲಿನಲ್ಲಿದ್ದು ಅವರು ಹೊರಬಂದರು. ಅವರಿಗೆ ಊರಿತ್ತು, ದಾಖಲೆಯಿತ್ತು, ಬಂದು ಓಡಾಡಿದ ಬಂಧುಗಳಿದ್ದರು. ಮೆಟ್ಟಿಲ ಬಳಿ ಸಿಕ್ಕವನಿಗೆ ಅದೊಂದೂ ಇಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಇಂಥ ಸಂದರ್ಭದಲ್ಲಿ 100ನೇ ಸೆಕ್ಷನ್ ಮೊದಲು ನಡೆಯಬೇಕು. ಮೊದಲು ಅವನು ರೋಗಿ. ಚಿಕಿತ್ಸೆ ಹಿಡಿದ ಮೇಲೆ ಮನುಷ್ಯ ತನ್ನ ಊರಿನ ಹೆಸರನ್ನು ತಾನೇ ಹೇಳುತ್ತಾನೆ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ನಡೆಸುವ ಡಾ. ಭರತ್ ವಾತ್ವಾನಿ ಬೀದಿಯಲ್ಲಿದ್ದ ಸಾವಿರಾರು ಮನೋರೋಗಿಗಳನ್ನು ಹೀಗೆಯೇ ಮನೆ ಸೇರಿಸಿದ್ದಾರೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೊದಲು ಔಷಧಿ ಮತ್ತು ಊಟ, ಆಮೇಲೆ ವಿಳಾಸ ಎಂಬ ಕ್ರಮ ಅವರದು. ಪೌರತ್ವದ ತನಿಖೆಗೂ ಅದಕ್ಕಿಂತ ಒಳ್ಳೆಯ ಕ್ರಮವಿಲ್ಲ.

ಭಾಷೆಯ ತೊಡಕಿಗೂ ಕೈಯಲ್ಲೇ ಒಂದು ಉತ್ತರವಿದೆ. ಟೆಲಿ ಮಾನಸ್ ಇಪ್ಪತ್ತು ಭಾಷೆಗಳಲ್ಲಿ ನಡೆಯುತ್ತದೆ, ಬಂಗಾಳಿ ಅದರಲ್ಲಿ ಒಂದು. ದಾಬಸ್‌ಪೇಟೆಯ ಪೇದೆಯೋ ನೆಲಮಂಗಲದ ನರ್ಸೋ 14416ಕ್ಕೆ ಕರೆ ಮಾಡಿ ಬಂಗಾಳಿ ಬಲ್ಲ ಸಮಾಲೋಚಕರನ್ನು ಕೇಳಬಹುದು. ಅರಬ್ಬಿ, ಫ್ರೆಂಚ್ ಬೇಕಾದಾಗ ಈ ದಾರಿ ನಡೆಯದು. ಬೆಂಗಳೂರಿನ ವಿಶ್ವವಿದ್ಯಾಲಯಗಳ ಭಾಷಾ ವಿಭಾಗಗಳಿಂದ ದುಭಾಷಿಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳುವುದು ಜಿಲ್ಲಾಡಳಿತಕ್ಕೆ ದೊಡ್ಡ ಕೆಲಸವಲ್ಲ.

ನಮ್ಮವರೇ ಹೊರದೇಶಕ್ಕೆ ಹೋದಾಗಿನ ಮಾತನ್ನು ಇಲ್ಲಿ ಸೇರಿಸದಿದ್ದರೆ ಲೇಖನ ಅರ್ಧವಾಗುತ್ತದೆ. ಅಮೆರಿಕದಲ್ಲಿ ಓದುವ ಮಗಳಿಗೆ ಖಿನ್ನತೆ ಬಲಿತಿದೆ, ತಾಯಿ ಹೋಗಿ ಜೊತೆಗಿರಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು, ಆದರೆ ಅಂದೇ ವೀಸಾ ಕೆಲಸ ಶುರುವಾಗಲಿಲ್ಲ. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗುವುದು ಮುಂದುವರಿಯಿತು. 2022ರ ಕೊನೆಯಲ್ಲಿ ಪ್ರವಾಸಿ ವೀಸಾ ಸಂದರ್ಶನಕ್ಕೆ ಭಾರತದ ಕೆಲವು ಕಚೇರಿಗಳಲ್ಲಿ ಎರಡು ವರ್ಷಕ್ಕೂ ಮೀರಿ ಕಾಯಬೇಕಿತ್ತು. ತುರ್ತು ವೈದ್ಯಕೀಯ ಕಾರಣಕ್ಕೆ ದಿನಾಂಕ ಮುಂಚೆ ಕೇಳಬಹುದು. ಹೃದಯದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಪತ್ರ ತರುವುದು ಸುಲಭ, ಮಗಳು ನಾಲ್ಕು ದಿನದಿಂದ ಕೋಣೆಯ ಬಾಗಿಲು ತೆರೆದಿಲ್ಲ ಎನ್ನುವುದಕ್ಕೆ ಯಾವ ಪತ್ರ ತರುವುದು? ಕೊಲ್ಲಿ ದೇಶಗಳಲ್ಲಿ ಕೆಲಸಕ್ಕಿದ್ದು ಮನಸ್ಸು ಕೆಟ್ಟವರನ್ನು ವಾಪಸು ಕರೆತರಲು 2009ರಲ್ಲಿ ಆದ ಭಾರತೀಯ ಸಮುದಾಯ ಕಲ್ಯಾಣ ನಿಧಿ ನೆರವಾಗುತ್ತದೆ, ದೂರು ಕೊಡಲು 2015ರಿಂದ ‘ಮದದ್’ ಪೋರ್ಟಲ್ ಇದೆ. ಹಾಗೆ ಬಂದವನು ದೇವನಹಳ್ಳಿಯಲ್ಲಿ ಇಳಿಯುವ ಮೊದಲೇ ಅವನ ಜಿಲ್ಲೆಯ ಮನೋವೈದ್ಯರಿಗೆ ಒಂದು ಸಂದೇಶ ಹೋಗುವಂತಾದರೆ ಆ ನೆರವು ಮನೆಯವರೆಗೂ ಮುಟ್ಟುತ್ತದೆ. ನಮ್ಮ ಮಗಳಿಗೆ ಪರದೇಶದ ಕಚೇರಿ ಕರುಣೆ ತೋರಲಿ ಎಂದು ಬಯಸುವ ನಾವು, ಸೊಂಡೆಕೊಪ್ಪದಲ್ಲಿರುವ ಪರದೇಶದ ಮಗನ ಬಗ್ಗೆಯೂ ಅದೇ ಅಳತೆಯಲ್ಲಿ ಯೋಚಿಸಬೇಕು.

ಬೇರೆ ದೇಶಗಳ ದಾಖಲೆಯೂ ಹೆಮ್ಮೆಪಡುವಂಥದ್ದಲ್ಲ, ಕಲಿಯಲು ಮಾತ್ರ ಇದೆ. ಬ್ರಿಟನ್ನಿನಲ್ಲಿ ವಲಸೆ ಬಂಧನ ಕೇಂದ್ರಗಳಲ್ಲಿರುವ ದುರ್ಬಲರ ಸ್ಥಿತಿಯನ್ನು ಸ್ಟೀಫನ್ ಶಾ ಪರಿಶೀಲಿಸಿ 2016ರ ಜನವರಿಯಲ್ಲಿ ವರದಿ ಕೊಟ್ಟರು. ಅದೇ ವರ್ಷ ಅಪಾಯದಲ್ಲಿರುವ ವಯಸ್ಕರಿಗಾಗಿ ಅಲ್ಲಿನ ಗೃಹ ಇಲಾಖೆ ಹೊಸ ನಿಯಮ ತಂದಿತು. ಬಂಧನದಿಂದ ಆರೋಗ್ಯ ಕೆಡುತ್ತಿದೆ ಎಂದು ಕೇಂದ್ರದ ವೈದ್ಯ ಬರೆದರೆ ಬಂಧನವನ್ನೇ ಮರುಪರಿಶೀಲಿಸಬೇಕು. ಪಾಲನೆಯಲ್ಲಿ ಕುಂದುಕೊರತೆ ಅಲ್ಲೂ ಇವೆ. ಆದರೂ ವೈದ್ಯನ ಒಂದು ಚೀಟಿಗೆ ಗೃಹ ಇಲಾಖೆ ಲಿಖಿತ ಉತ್ತರ ಕೊಡಬೇಕೆಂಬ ತತ್ವ ನಮಗೂ ಬೇಕು. ನಮ್ಮ ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ಬಂಧನ ಕೇಂದ್ರಗಳ ಮಾದರಿ ಕೈಪಿಡಿಯಲ್ಲಿ ವೈದ್ಯಕೀಯ ಸೌಲಭ್ಯದ ಮಾತಿದೆ. 2020ರ ಮೇ ತಿಂಗಳಲ್ಲಿ ಬಾಬುಲ್ ಖಾನ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಬಂಧಿತ ವಿದೇಶಿಯರ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಈ ಅಡಿಪಾಯದ ಮೇಲೆ ರಾಜ್ಯ ಸರ್ಕಾರವೇ ಮುಂದಿನ ಆದೇಶ ಹೊರಡಿಸಬಹುದು, ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ.

ಆ ಆದೇಶದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಕೇಂದ್ರಕ್ಕೆ ಯಾರೇ ಬಂದರೂ ಮೊದಲ ವಾರದಲ್ಲಿ ಮನಸ್ಸಿನ ಆರೋಗ್ಯದ ತಪಾಸಣೆ ಆಗಲಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡ ತಿಂಗಳಲ್ಲಿ ಒಂದು ಗೊತ್ತಾದ ದಿನ ಸೊಂಡೆಕೊಪ್ಪಕ್ಕೇ ಹೋಗಲಿ. ಆಗ ಬೆಂಗಾವಲಿನ ನೆಪದಲ್ಲಿ ಭೇಟಿ ತಪ್ಪುವುದು ನಿಲ್ಲುತ್ತದೆ. ಜೈಲಿಗಿರುವ ಮೂರು ತಿಂಗಳ ವರದಿ ಈ ಕೇಂದ್ರಕ್ಕೂ ಕಡ್ಡಾಯವಾಗಲಿ. ನೋಂದಣಿ ಕಚೇರಿ ಪ್ರಯಾಣದ ದಿನ ಗೊತ್ತುಮಾಡುವ ಮೊದಲು ವೈದ್ಯರ ಅಭಿಪ್ರಾಯ ಪಡೆಯಲಿ. ಇದೆಲ್ಲಕ್ಕೂ ಹೆಸರು, ಹುದ್ದೆ, ಫೋನ್ ನಂಬರು ಇರುವ ಒಬ್ಬ ಅಧಿಕಾರಿ ಹೊಣೆಯಾಗಲಿ. ಅವರು ಆರೋಗ್ಯ ಇಲಾಖೆಯವರೇ ಆಗಿರಬೇಕು ಎಂಬುದು ನನ್ನ ಒತ್ತಾಯ. ಭದ್ರತೆ ನೋಡುವವರ ಕೈಗೆ ಚಿಕಿತ್ಸೆಯ ದಿನಾಂಕವನ್ನೂ ಕೊಟ್ಟರೆ ಭದ್ರತೆಯ ಕೆಲಸ ಬಂದಾಗಲೆಲ್ಲ ಚಿಕಿತ್ಸೆ ಹಿಂದಕ್ಕೆ ಹೋಗುತ್ತದೆ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಮನೋವೈದ್ಯಕೀಯ ಸಿಬ್ಬಂದಿಯನ್ನು ಜನಸಂಖ್ಯೆಗೆ ತಕ್ಕ ಮಟ್ಟಕ್ಕೆ ತರಲು ಸರ್ಕಾರಗಳಿಗೆ ಹತ್ತು ವರ್ಷ ಕೊಟ್ಟಿತ್ತು. ಆ ಗಡುವು 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ. 32ನೇ ಸೆಕ್ಷನ್ನಿನ ಸಮನ್ವಯಕ್ಕೆ ಹೊಸ ಡಾಕ್ಟರೂ ಬೇಡ, ಹೊಸ ಕಟ್ಟಡವೂ ಬೇಡ. ಸೊಂಡೆಕೊಪ್ಪ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯಾಧಿಕಾರಿಗಳು ಮತ್ತು ಶಾಂತಿನಗರದ ನೋಂದಣಿ ಅಧಿಕಾರಿಗಳು ಒಂದು ದಿನ ನೆಲಮಂಗಲದಲ್ಲಿ ಕೂತು ಮಾತಾಡಿ ಈ ಆದೇಶದ ಕರಡು ಬರೆದು ಸರ್ಕಾರಕ್ಕೆ ಕಳಿಸಬೇಕು.